ತೂಕ ಇಳಿಸುವ ಕಾರ್ಯಾಗಾರ: ಊಟದ ವ್ಯವಸ್ಥೆ ಇರುತ್ತದೆ

ದಕ್ಷಿಣ ಬೆಂಗಳೂರಿನ ಒಂದು ಸಮುದಾಯ ಭವನದಲ್ಲಿ ಸಸ್ಯಾಹಾರಿಗಳಿಗಾಗಿಯೇ ಏರ್ಪಡಿಸಿದ್ದ ತೂಕ ಇಳಿಕೆಯ ಕಾರ್ಯಾಗಾರಕ್ಕೆ ಇತ್ತೀಚೆಗೆ ಹೋಗಿದ್ದೆ. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು ಎಂದು ಒಂಬತ್ತು ಹೆಸರುಗಳಿದ್ದವು. ಅವರೆಲ್ಲರಿಗಿಂತ ದಪ್ಪ ಅಕ್ಷರಗಳಲ್ಲಿ, ಕೊನೆಯ ಸಾಲಿನಲ್ಲಿ, ‘ಬೆಳಗಿನ ಉಪಾಹಾರ ಹಾಗೂ ಮಧ್ಯಾಹ್ನದ ಭೋಜನದ ವ್ಯವಸ್ಥೆ ಇರುತ್ತದೆ’ ಎಂದು ಅಚ್ಚಾಗಿತ್ತು. ಬಾಗಿಲಲ್ಲೇ ತೂಕದ ಯಂತ್ರವೊಂದನ್ನು ಇಟ್ಟು, ಪಕ್ಕದಲ್ಲಿ ಕುಳಿತ ಸ್ವಯಂಸೇವಕಿಯೊಬ್ಬರು ಬಂದವರ ತೂಕವನ್ನು ಗುಲಾಬಿ ಬಣ್ಣದ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಚಪ್ಪಲಿ, ಕೈಗಡಿಯಾರ, ಮೊಬೈಲು, ಕೊನೆಗೆ ಕನ್ನಡಕವನ್ನೂ ತೆಗೆದಿಟ್ಟು ಯಂತ್ರವೇರಿದ ಮಹನೀಯರೊಬ್ಬರು ಮುಳ್ಳು ಎಲ್ಲಿ ನಿಂತಿದೆಯೆಂದು ಕಾಣದೆ ಹೆಂಡತಿಯನ್ನು ಕೇಳಿದರು. ಆಕೆ ಹೇಳಲಿಲ್ಲ.

ಚೀಟಿಯನ್ನು ಜೇಬಿಗೆ ಸೇರಿಸಿದವರೆಲ್ಲ ಸಭಾಂಗಣದ ಮೆಟ್ಟಿಲು ಹತ್ತದೆ, ನೆಲಮಾಳಿಗೆಯ ಉಪಾಹಾರದ ಕಡೆಗೆ ಇಳಿದರು. ಅಲ್ಲಿ ನವಣೆಯ ಖಾರಾಬಾತ್, ಸಾಮೆಯ ಕೇಸರಿಬಾತ್, ರಾಗಿ ಇಡ್ಲಿ, ಊದಲಿನ ಪೊಂಗಲ್ ಎಂದು ಪ್ರತಿ ಪಾತ್ರೆಯ ಮುಂದೆಯೂ ಹಸಿರೆಲೆಯ ಚಿತ್ರವಿದ್ದ ಫಲಕಗಳು ನಿಂತಿದ್ದವು. ಕೇಸರಿಬಾತಿನ ಅಂಚಿನಲ್ಲಿ ತುಪ್ಪವು ಸಣ್ಣ ಕಾಲುವೆಯಾಗಿ ಹರಿಯುತ್ತಿತ್ತು. ಬಡಿಸುವವರು ಸೌಟನ್ನು ಎತ್ತಿ ಹಿಡಿದು, ‘ಇದರಲ್ಲಿ ಅಕ್ಕಿಯೂ ಇಲ್ಲ, ರವೆಯೂ ಇಲ್ಲ ಸಾರ್, ಎಷ್ಟು ಬೇಕಾದರೂ ತಿನ್ನಬಹುದು’ ಎಂದು ಅಭಯ ನೀಡುತ್ತಿದ್ದರು. ಆ ಅಭಯವನ್ನು ಯಾರೂ ವ್ಯರ್ಥ ಮಾಡಲಿಲ್ಲ.

ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತಷ್ಟೆ. ಒಣಭೂಮಿಯ ರೈತನಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿದ್ದರೆ ಸಂತೋಷವೇ. ಆದರೆ ನಗರದ ನಾವು ಆ ಘೋಷಣೆಯನ್ನು ಅರ್ಥ ಮಾಡಿಕೊಂಡ ಬಗೆ ಬೇರೆ: ಅಕ್ಕಿಯಿಂದ ಮಾಡಿದರೆ ಪಾಪವಾಗುವ ತಿಂಡಿ ನವಣೆಯಿಂದ ಮಾಡಿದರೆ ಪುಣ್ಯವಾಗುತ್ತದೆ, ಪಾಪಕ್ಕೆ ಮಿತಿಯುಂಟು, ಪುಣ್ಯಕ್ಕೆ ಮಿತಿಯಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಕೋಷ್ಟಕವನ್ನು ತೆರೆದು ನೋಡಿದರೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ. ನಾರಿನಂಶದಲ್ಲಿ ರಾಗಿ ಬಹಳ ಮುಂದಿದೆ, ಅಕ್ಕಿಯ 3 ಗ್ರಾಂ ಎದುರಿಗೆ ಅದರದು 11. ಕ್ಯಾಲ್ಸಿಯಂ ವಿಷಯದಲ್ಲಂತೂ ಅಕ್ಕಿ ಅದರ ಹತ್ತಿರಕ್ಕೂ ಸುಳಿಯಲಾರದು. ಆದರೆ ಪ್ರೋಟೀನು ಎರಡರಲ್ಲೂ 7–8 ಗ್ರಾಂ ಆಸುಪಾಸು. ಅಂದರೆ ರಾಗಿ ಒಳ್ಳೆಯ ಧಾನ್ಯ, ಆದರೆ ಧಾನ್ಯವೇ. ಅದನ್ನು ನುಣ್ಣಗೆ ಬೀಸಿ, ಸಕ್ಕರೆ ಬೆರೆಸಿ, ವನಸ್ಪತಿಯಲ್ಲಿ ಕಲಸಿ, ಬೇಯಿಸಿ, ಪೊಟ್ಟಣ ಕಟ್ಟಿ ಮೇಲೆ ‘ಅಜ್ಜಿಯ ಕಾಲದ ಆರೋಗ್ಯ’ ಎಂದು ಬರೆದರೆ ಅದು ಬಿಸ್ಕತ್ತಾಗುತ್ತದೆ.

ಕನಕದಾಸರ ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ ನರೆದಲೆಗಕ್ಕೂ, ಅಂದರೆ ಭತ್ತಕ್ಕೂ ರಾಗಿಗೂ ಜಗಳ ಹತ್ತಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸಿದ ಕಥೆ ಎಲ್ಲರಿಗೂ ಗೊತ್ತು. ಭತ್ತ ಕಳೆಗುಂದಿತು, ರಾಗಿ ಗೆದ್ದಿತು. ಈಗಿನ ಸಿರಿಧಾನ್ಯ ಭಾಷಣಕಾರರೆಲ್ಲ ಈ ತೀರ್ಪನ್ನು ಉದ್ಧರಿಸುವಾಗ ಅದು ಯಾವ ಪರೀಕ್ಷೆಯ ತೀರ್ಪು ಎಂಬುದನ್ನು ಮಾತ್ರ ಮರೆಯುತ್ತಾರೆ. ಕೆಡದೆ ಉಳಿಯುವುದು ಯಾವುದು ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ. ಉಂಡ ಎರಡು ಗಂಟೆಯ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಬನ್ನಿ ಎಂದು ರಾಮನು ಯಾರಿಗೂ ಹೇಳಿರಲಿಲ್ಲ. ‘ಹಿಟ್ಟಂ ತಿಂಬವ ಬೆಟ್ಟವ ಕಿತ್ತಿಟ್ಟಂ’ ಎಂಬ ಮಾತನ್ನೂ ನಾವು ಅರ್ಧಕ್ಕೇ ನಿಲ್ಲಿಸಿದ್ದೇವೆ. ಹಿಟ್ಟು ತಿನ್ನುವ ಭಾಗವನ್ನು ನಾವು ನಿಷ್ಠೆಯಿಂದ ನಡೆಸಿಕೊಂಡು ಬರುತ್ತಿದ್ದೇವೆ. ಬೆಟ್ಟ ಕೀಳುವ ಭಾಗಕ್ಕೆ ಬಂದರೆ ಎರಡನೇ ಮಹಡಿಗೂ ಲಿಫ್ಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) ಸಕ್ಕರೆ ಕಾಯಿಲೆಯ ಬಗ್ಗೆ ನಡೆಸಿದ, 2025ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನವು ಈ ಪುಣ್ಯದ ಲೆಕ್ಕಕ್ಕೆ ಸ್ವಲ್ಪ ತಣ್ಣೀರು ಎರಚಿದೆ. ಭಾರತೀಯರಿಗೆ ಊಟದಿಂದ ಸಿಗುವ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದ, ಅದೂ ಬಹುಪಾಲು ಬಿಳಿ ಅಕ್ಕಿ, ಬೀಸಿದ ಹಿಟ್ಟು ಹಾಗೂ ಸಕ್ಕರೆಯಿಂದಲೇ ಬರುತ್ತದೆ. ಪ್ರೋಟೀನಿನ ಪಾಲು ಶೇ 12ರ ಸುಮಾರು. ನುಣ್ಣಗಿನ ಪಿಷ್ಟವನ್ನು ತೆಗೆದು ಆ ಜಾಗಕ್ಕೆ ಬೀಸಿದ ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ಇಟ್ಟವರಲ್ಲಿ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆಯಾಗಿ ಕಾಣಲಿಲ್ಲ. ಶಕ್ತಿಯ ಶೇ 5ರಷ್ಟನ್ನು ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿಗೆ ಬಿಟ್ಟುಕೊಟ್ಟ ಲೆಕ್ಕದಲ್ಲಿ ಮಾತ್ರ ಅದು ಇಳಿಯಿತು. ಇದನ್ನು ಕನ್ನಡದಲ್ಲಿ ಹೇಳುವುದಾದರೆ, ವೇಷ ಬದಲಿಸಿದರೆ ಸಾಲದು, ಪಾತ್ರಧಾರಿಯನ್ನೇ ಬದಲಿಸಬೇಕು. ಆದರೆ ಹುರುಳಿಕಾಳಿಗೆ ಮೇಳ ನಡೆಸಿದರೆ ಬರುವವರು ಯಾರು, ಉದ್ಘಾಟಿಸುವವರು ಯಾರು?

ಉಪಾಹಾರ ಮುಗಿದು ಎಲ್ಲರೂ ಕುರ್ಚಿಗಳಲ್ಲಿ ಒರಗಿಕೊಂಡ ಮೇಲೆ ಉಪನ್ಯಾಸ ಆರಂಭವಾಯಿತು. ಕಾರ್ಬೋಹೈಡ್ರೇಟೇ ಮನುಕುಲದ ಶತ್ರು ಎಂದು ಉಪನ್ಯಾಸಕರು ಘೋಷಿಸಿದಾಗ, ಬೆರಳ ತುದಿಯಲ್ಲಿ ಇನ್ನೂ ಕೇಸರಿ ಬಣ್ಣ ಉಳಿದಿದ್ದ ಕೈಗಳಿಂದ ಭಾರಿ ಚಪ್ಪಾಳೆ ಬಿತ್ತು. ಒಂದು ಗ್ರಾಂ ಕಾರ್ಬೋಹೈಡ್ರೇಟಿನಲ್ಲಿ ನಾಲ್ಕು ಕ್ಯಾಲೊರಿ ಎಂಬ ಅಂಕಿಯನ್ನು ಅವರು ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತೋರಿಸಿದರು. ಒಂದು ಗ್ರಾಂ ತುಪ್ಪದಲ್ಲಿ ಒಂಬತ್ತು ಕ್ಯಾಲೊರಿ ಎಂಬ ಅಂಕಿ ಪರದೆಗೆ ಬರಲಿಲ್ಲ, ಬಹುಶಃ ಅದು ನೆಲಮಾಳಿಗೆಯಲ್ಲಿ ಕೆಲಸದಲ್ಲಿತ್ತು.

ಪ್ರಶ್ನೋತ್ತರದಲ್ಲಿ ಎದ್ದು ನಿಂತವರು ಬಹುಪಾಲು ಪ್ರಶ್ನೆ ಕೇಳಲಿಲ್ಲ, ತ್ಯಾಗದ ವರದಿ ಒಪ್ಪಿಸಿದರು. ‘ನಾನು ಏನೂ ತಿನ್ನುವುದೇ ಇಲ್ಲ, ಆದರೂ ತೂಕ ಏರುತ್ತಿದೆ’ ಎಂಬುದು ಎಲ್ಲ ವರದಿಗಳ ಪಲ್ಲವಿ. ಹಿರಿಯರೊಬ್ಬರು ಎರಡು ವರ್ಷಗಳಿಂದ ರಾತ್ರಿ ಅನ್ನವನ್ನು ಮುಟ್ಟಿಯೇ ಇಲ್ಲವೆಂದರು. ಬದಲಿಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಚಪಾತಿ. ಎಷ್ಟು? ‘ಹೆಚ್ಚೇನಿಲ್ಲ, ನಾಲ್ಕು.’ ಪಲ್ಯ? ‘ಆಲೂಗಡ್ಡೆ ಇಲ್ಲದೆ ಚಪಾತಿ ಗಂಟಲಲ್ಲಿ ಇಳಿಯುವುದಿಲ್ಲ.’ ನಾಲ್ಕು ಚಪಾತಿಯಾದ ಮೇಲೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಧ್ವನಿ ತಗ್ಗಿಸಿ, ‘ಬಾಯಿ ಶುದ್ಧಿಗೆ ಒಂದು ಹಿಡಿ ಮೊಸರನ್ನ’ ಎಂದರು. ಅನ್ನ ಬಿಟ್ಟವರ ಮನೆಯಲ್ಲಿ ಮೊಸರನ್ನವನ್ನು ಅನ್ನವೆಂದು ಪರಿಗಣಿಸುವ ಪದ್ಧತಿ ಇಲ್ಲ. ಮೊಸರು ಬೆರೆತ ಕೂಡಲೇ ಅಕ್ಕಿಯು ತನ್ನ ಪೂರ್ವಾಶ್ರಮವನ್ನು ತೊರೆದು ಔಷಧಿಯಾಗುತ್ತದೆ. ಇದು ನನ್ನ ಮನೆಯಲ್ಲೂ ನಡೆದು ಬಂದಿರುವ ಸಂಪ್ರದಾಯವಾದ್ದರಿಂದ ಹೆಚ್ಚು ಮಾತಾಡಲಾರೆ.

ಮತ್ತೊಬ್ಬ ಗೃಹಿಣಿ ಸಕ್ಕರೆಯನ್ನು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲವೆಂದೂ ಕಾಫಿಗೂ ಪಾಯಸಕ್ಕೂ ಹೋಳಿಗೆಗೂ ಬೆಲ್ಲವೇ ಎಂದೂ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಹಜಾರದ ಮಳಿಗೆಯಲ್ಲಿ ‘ಸಕ್ಕರೆರಹಿತ’ ಎಂಬ ಚೀಟಿ ಅಂಟಿಸಿದ ಕಾಯಿ ಹೋಳಿಗೆ ಆಗಲೇ ಖಾಲಿಯಾಗಿತ್ತು. ಪೊಟ್ಟಣದ ಮೇಲೆ ಹಾಗೆ ಬರೆಯಬೇಕಾದರೆ 100 ಗ್ರಾಂ ಪದಾರ್ಥದಲ್ಲಿ ಸಕ್ಕರೆಯಂಶ ಅರ್ಧ ಗ್ರಾಮಿಗಿಂತ ಹೆಚ್ಚಿರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಬೆಲ್ಲವೂ ಅದೇ ಕಬ್ಬಿನ ಅದೇ ಹಾಲಿನ ಮಗು, ಬಣ್ಣ ಸ್ವಲ್ಪ ಕಂದು ಎಂಬುದನ್ನು ಆ ನಿಯಮವು ಬಲ್ಲದು; ಹೋಳಿಗೆಯವರು ಬಲ್ಲರೋ ಇಲ್ಲವೋ.

ಉಪವಾಸದ ವಿಚಾರವೂ ಬಂತು. ‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂದು ಅಜ್ಜಿಯರು ಪುಕ್ಕಟೆಯಾಗಿ ಹೇಳುತ್ತಿದ್ದುದನ್ನು ಈಗ ಮೊಬೈಲಿನೊಳಗಿನ ಗಂಟೆಯೊಂದು ತಿಂಗಳ ಚಂದಾ ಪಡೆದು ಹೇಳುತ್ತದೆ. ಏಕಾದಶಿಯ ಸ್ಥಿತಿ ಇನ್ನೂ ವಿಶಿಷ್ಟ. ಅಂದು ಅಕ್ಕಿ ನಿಷಿದ್ಧ, ಆದರೆ ಅದೇ ಅಕ್ಕಿಯನ್ನು ಕುಟ್ಟಿ ಚಪ್ಪಟೆ ಮಾಡಿದ ಅವಲಕ್ಕಿ ಹಲವು ಮನೆಗಳಲ್ಲಿ ನಡೆಯುತ್ತದೆ, ರವೆ ಉಪ್ಪಿಟ್ಟು ನಡೆಯುತ್ತದೆ, ಅಪ್ಪಟ ಪಿಷ್ಟವೇ ಆದ ಸಾಬುದಾನಿಯಂತೂ ಓಡುತ್ತದೆ. ಇವೆಲ್ಲವನ್ನೂ ಸೇರಿಸಿ ಫಲಾಹಾರ ಎಂದು ಕರೆಯುತ್ತೇವೆ. ಅದರಲ್ಲಿ ಫಲವೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತದೆ.

ಸರ್ಕಾರವೇನೂ ಕೈಕಟ್ಟಿ ಕುಳಿತಿಲ್ಲ. 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತಿಂಡಿಗಳಲ್ಲಿ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಅಡಗಿದೆ ಎಂದು ತಿಳಿಸುವ ಫಲಕಗಳನ್ನು ಕಚೇರಿಗಳಲ್ಲಿ ಹಾಕಬೇಕೆಂದು ಸಲಹೆ ನೀಡಿತು. ಸಿಗರೇಟಿಗೆ ಇರುವಂತೆ ಸಮೋಸಕ್ಕೂ ಜಿಲೇಬಿಗೂ ಎಚ್ಚರಿಕೆ ಬಂತೆಂದು ವಾಹಿನಿಗಳು ಬೊಬ್ಬೆ ಹೊಡೆದ ಮೇಲೆ, ಹಾಗೇನೂ ಇಲ್ಲ, ಮಾರಾಟವಾಗುವ ಯಾವ ತಿಂಡಿಯ ಮೇಲೂ ಎಚ್ಚರಿಕೆಯ ಚೀಟಿ ಅಂಟಿಸಲು ಹೇಳಿಲ್ಲ ಎಂದು ಸ್ಪಷ್ಟೀಕರಣವೂ ಬಂತು. ನಾನು ಹೋದ ಭವನದಲ್ಲಿ ಅಂಥದ್ದೇ ಒಂದು ಫಲಕವಿತ್ತು. ಊಟದ ಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಅದು ಬಾದುಷಾದ ತಟ್ಟೆಗಳು ಜಾರದಂತೆ ಆಧಾರವಾಗಿ ಒಳ್ಳೆಯ ಕೆಲಸ ಮಾಡುತ್ತಿತ್ತು.

ಮಧ್ಯಾಹ್ನ ಒಂದೂವರೆಗೆ ಎಲೆ ಹಾಕಿದರು. ಉಪ್ಪು, ಉಪ್ಪಿನಕಾಯಿ ಬಂದವು. ಎಲೆಯ ತುದಿಗೆ ಕೋಸಂಬರಿ ಬಂತು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ಮೇಲೆ ಒಗ್ಗರಣೆಯ ಸಾಸಿವೆ. ಬೆಳಗಿನಿಂದ ಆ ಭವನದಲ್ಲಿ ಕಂಡ ಪದಾರ್ಥಗಳಲ್ಲೆಲ್ಲ ತೂಕ ಇಳಿಸಲು ಬಂದ ಸಸ್ಯಾಹಾರಿಗೆ ನಿಜಕ್ಕೂ ಬೇಕಾದದ್ದು ಅದೊಂದೇ. ಅದನ್ನು ಬಡಿಸಿದ ಚಮಚ ಹೋಮದಲ್ಲಿ ತುಪ್ಪ ಬಿಡುವ ಸೌಟಿಗಿಂತ ಚಿಕ್ಕದಿತ್ತು. ನಾನು ಎಣಿಸಲಿಲ್ಲವಾದರೂ, ಎಲೆಯ ಮೇಲಿದ್ದ ಬೇಳೆಯನ್ನು ಎಣಿಸಲು ಬೆರಳುಗಳಿಗೆ ಹೆಚ್ಚು ಆಯಾಸವಾಗುತ್ತಿರಲಿಲ್ಲ. ಪ್ರೋಟೀನಿನ ಲೆಕ್ಕದಲ್ಲಿ ಎರಡು ಗ್ರಾಂ ಇದ್ದರೆ ಹೆಚ್ಚು. 70 ಕಿಲೊ ತೂಗುವ ಮನುಷ್ಯನಿಗೆ ದಿನಕ್ಕೆ ಸುಮಾರು 58 ಗ್ರಾಂ ಬೇಕು.

ಅನಂತರ ಅನ್ನ ಬಂತು. ಅನ್ನ ಚಮಚದಲ್ಲಿ ಬರುವುದಿಲ್ಲ; ಅದು ಬುಟ್ಟಿಯಲ್ಲಿ, ತಟ್ಟೆಯಂಥ ಸಟ್ಟುಗದಲ್ಲಿ, ಮಣ್ಣು ಸುರಿಯುವ ರಭಸದಲ್ಲಿ ಬರುತ್ತದೆ. ತೊವ್ವೆಗೆ ಒಮ್ಮೆ, ಸಾರಿಗೆ ಒಮ್ಮೆ, ಹುಳಿಗೆ ಒಮ್ಮೆ, ಮಜ್ಜಿಗೆಗೆ ಒಮ್ಮೆ. ನಡುವೆ ಚಿತ್ರಾನ್ನ, ಅದು ಪಲ್ಯದ ಸಾಲಿನಲ್ಲಿ ಬರುವುದರಿಂದ ಅನ್ನದ ಲೆಕ್ಕಕ್ಕೆ ಸೇರದು. ತಿಳಿಸಾರಿನಲ್ಲಿ ಬೇಳೆ ಇರಲಿಲ್ಲ, ಬೇಳೆ ಬೇಯಿಸಿದ ಪಾತ್ರೆಯ ಪಕ್ಕದಲ್ಲಿ ಹಾದು ಬಂದ ನೀರಿನ ವಿನಯ ಅದರಲ್ಲಿತ್ತು. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 2,000 ಕ್ಯಾಲೊರಿಯ ಒಂದು ದಿನದ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ ಇರಬೇಕು. ಅಂದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ, ಎಲ್ಲಕ್ಕಿಂತ ಹೆಚ್ಚು ತರಕಾರಿ. ಇದಕ್ಕೆ ಕಾರ್ಬೋಹೈಡ್ರೇಟನ್ನು ಹೆಚ್ಚುಕಡಿಮೆ ಬಿಟ್ಟೇಬಿಡುವ ಕೀಟೋ ಪಥ್ಯ ಬೇಡ, ಬಾದಾಮಿ ಹಿಟ್ಟಿನ ರೊಟ್ಟಿ ಬೇಡ, ಅನ್ನಕ್ಕೆ ಬಹಿಷ್ಕಾರವೂ ಬೇಡ. ಅನ್ನದ ಸಟ್ಟುಗವನ್ನು ಕೋಸಂಬರಿಯವನ ಕೈಗೂ ಕೋಸಂಬರಿಯ ಚಮಚವನ್ನು ಅನ್ನದವನ ಕೈಗೂ ಕೊಟ್ಟರೆ ಬಹುಪಾಲು ಕೆಲಸ ಮುಗಿಯಿತು. ಅಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಆದರೆ ಎರಡು ನಿಮಿಷದ ಕಾರ್ಯಾಗಾರಕ್ಕೆ ಒಂಬತ್ತು ಅತಿಥಿಗಳನ್ನು ಕರೆಯಲಾಗುವುದಿಲ್ಲ.

ಉಪನ್ಯಾಸಕರು ನನ್ನ ಎದುರು ಪಂಕ್ತಿಯಲ್ಲೇ ಕುಳಿತಿದ್ದರು. ಮನುಕುಲದ ಶತ್ರುವನ್ನು ಅವರು ಹುಳಿಯೊಂದಿಗೆ ಎರಡು ಬಾರಿ ಎದುರಿಸಿ, ಎರಡೂ ಬಾರಿ ಸಂಪೂರ್ಣವಾಗಿ ಮುಗಿಸಿದರು. ನಾನು ಧೈರ್ಯ ಮಾಡಿ ಕೋಸಂಬರಿಯ ಹುಡುಗನನ್ನು ಕೈಸನ್ನೆಯಿಂದ ಕರೆದು, ಇನ್ನೊಂದು ನಾಲ್ಕು ಚಮಚ ಹಾಕಪ್ಪಾ ಎಂದೆ. ಅವನು ನನ್ನ ಎಲೆಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿದ. ಇಂಥ ಬೇಡಿಕೆ ಅವನ ಅನುಭವದಲ್ಲೇ ಬಂದಿರಲಿಲ್ಲವೆಂದು ತೋರುತ್ತದೆ; ಒಳಗೆ ಹೋಗಿ ಭಟ್ಟರನ್ನು ಕೇಳಿಕೊಂಡು ಬಂದ.

‘ಕೋಸಂಬರಿ ಎರಡನೇ ಸಲ ಬರೋದಿಲ್ಲ ಸಾರ್’ ಎಂದು ಬಗ್ಗಿ ಮೆಲ್ಲನೆ ಹೇಳಿ, ಹಿಂದಿರುಗಿ ಗಟ್ಟಿಯಾಗಿ ಕೂಗಿದ: ‘ಇಲ್ಲಿ ಅನ್ನ ಬರಲಿ!’