ಅಜ್ಜನ ಕೊಡೆ ಬಿಚ್ಚಬೇಡಿ

ಮುಂಬೈಯಲ್ಲಿ ಕರಿಬೇವಿಗೆ ಯಾರೂ ದುಡ್ಡು ಕೊಡಲ್ಲ. ಕೊತ್ತಂಬರಿ ಜೊತೆ ಭಾಜಿವಾಲ ಸುಮ್ನೆ ತುರುಕುತ್ತಾನೆ. ನಾವು ಮಾತ್ರ ದಿನಾ ಬರೀ ಅದನ್ನೇ ಕೇಳೋದು ನೋಡಿ, "ಭಾಭಿ, ಮೆಸ್ ಶುರು ಮಾಡಿದ್ರಾ?" ಅಂತ ಹಿಂದಿಯಲ್ಲಿ ವಿಚಾರಿಸಿದ.

ಮುಲುಂಡಿನ ನಮ್ಮ ಫ್ಲ್ಯಾಟಿನ ಗ್ರಿಲ್‌ನಲ್ಲಿರುವ ಕರಿಬೇವಿನ ಕುಂಡಕ್ಕೆ ಯಾವುದೋ ಚಿಟ್ಟೆ ಬಂದು ಮೊಟ್ಟೆ ಇಟ್ಟು ಹೋಗಿತ್ತು. ಮರಿಹುಳ ನೋಡೋಕೆ ಥೇಟ್ ಹಕ್ಕಿ ಹಿಕ್ಕೆ. ಹಕ್ಕಿಗಳಿಗೆ ಮೋಸ ಮಾಡೋಕೆ ಈ ವೇಷ ಅಂತ ಒಂದನೇ ಕ್ಲಾಸಿನ ಮಗಳಿಗೆ ಹೇಳಿಕೊಟ್ಟೆ. ಮೋಸ ಹೋದವರು ಅತ್ತೆ. ಒದ್ದೆ ಬಟ್ಟೆ ಹಿಡಿದು ಒರೆಸೋಕೆ ಹೊರಟಿದ್ದರು, ಮಗಳು ಕಿರುಚಿದ್ದಕ್ಕೆ ನಿಂತರು. ಆಮೇಲೆ ಹುಳ ಹಸಿರಾಯಿತು, ದಪ್ಪಗಾಯಿತು, ಗಿಡ ಬೋಳಾಯಿತು. ತಂದ ಸೊಪ್ಪಿನಲ್ಲಿ ಔಷಧಿ ಇದ್ದರೆ ಅಂತ ಹುಳಕ್ಕೆ ನಾಲ್ಕಾರು ಸಲ ತೊಳೆದು ಕೊಟ್ಟೆವು. ನಮ್ಮ ಸಾರಿಗೆ ಒಂದೇ ಸಲ.

ಹುಳ ಪೊರೆ ಕಳಚಿ ಅದನ್ನೇ ತಿಂದ ದಿನ ಮಗಳು ಕೇಳಿದಳು: "ಮತ್ತೆ ನಾನು ಉಗುರು ಕಚ್ಚಿದ್ರೆ ಮಾತ್ರ ಯಾಕೆ ಬೈತೀಯ?" ಮಕ್ಕಳಿಗೆ ವಿಜ್ಞಾನ ಕಲಿಸೋದರಲ್ಲಿ ಇದೇ ಫಜೀತಿ. ಸಾಕ್ಷಿಗಳೆಲ್ಲ ಅವರ ಕಡೆಗೇ ಇರುತ್ತವೆ.

ಒಂದು ಬೆಳಿಗ್ಗೆ ಹುಳ ನಾಪತ್ತೆ. ಸಿಕ್ಕಿದ್ದು ಗ್ರಿಲ್‌ಗೆ ನೇತುಹಾಕಿದ್ದ ಮಾವನ ಕೊಡೆಯ ಮಡಿಕೆಯಲ್ಲಿ. ಬೆನ್ನ ಹಿಂದೆ ರೇಷ್ಮೆ ಎಳೆಯೊಂದನ್ನು ಸುತ್ತಿಕೊಂಡು, ಲೋಕಲ್ ರೈಲಿನ ಬಾಗಿಲಲ್ಲಿ ಹಿಂದಕ್ಕೆ ವಾಲಿ ನಿಂತವರ ಹಾಗೆ, ಕೋಶವಾಗೋಕೆ ತಯಾರಾಗಿತ್ತು. ಹೊರಗೆ ಜುಲೈ ಮಳೆ.

"ಅಜ್ಜ, ಕೊಡೆ ಬಿಚ್ಚಿದ್ರೆ ಚಿಟ್ಟೆ ಸತ್ತೋಗುತ್ತೆ!"

ಅಷ್ಟೂ ದಿನ ಮಾವ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹಾಲು ತಂದರು. ಹೊಸ ಕೊಡೆ ತಗೊಳ್ಳಿ ಅಂದರೆ, "ಇರೋದು ಚೆನ್ನಾಗೇ ಇದೆಯಲ್ಲ" ಅಂತ ವಾದ. ಒಳಗಿರೋದು ಬ್ಲೂ ಮಾರ್ಮನ್ನೇ ಇರಬೇಕು ಅಂತ ಅವರಿಗೆ ಆಸೆ. 2015ರಲ್ಲಿ ಮಹಾರಾಷ್ಟ್ರದ ರಾಜ್ಯ ಚಿಟ್ಟೆಯಾದದ್ದು ಅದೇ ಅಲ್ವಾ? ನೆನೆದಿದ್ದಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ!

ಬಂದಿದ್ದು ಕಪ್ಪು ಮೈಮೇಲೆ ಹಳದಿ ಚುಕ್ಕೆಯ, ಊರೆಲ್ಲ ಕಾಣುವ ನಿಂಬೆ ಚಿಟ್ಟೆ. ಮುದುಡಿದ ರೆಕ್ಕೆ ಬಿಡಿಸಿಕೊಂಡಿತು, ಒಣಗಿಸಿಕೊಂಡಿತು. ಹೊಟ್ಟೆಯಲ್ಲಿ ಉಳಿದಿದ್ದನ್ನೆಲ್ಲ ಕೊಡೆ ಮೇಲೆ ಬಿಟ್ಟು ಹಾರಿಹೋಯಿತು.

ಸ್ಕೂಲಿನಲ್ಲಿ ಚಿಟ್ಟೆಯ ಜೀವನಚಕ್ರ ಬಿಡಿಸೋಕೆ ಹೇಳಿದಾಗ ಮಗಳು ನಾಲ್ಕು ಚಿತ್ರ ಬರೆದಳು. ಮೊಟ್ಟೆ, ಹುಳ, ಕೊಡೆ, ಚಿಟ್ಟೆ. ಕೊಡೆಯ ಮೇಲೆ ಟೀಚರ್ ಕೆಂಪು ಗೆರೆ ಎಳೆದಿದ್ದರು. ಮಾವ ಕನ್ನಡಕ ಏರಿಸಿಕೊಂಡು ಪುಸ್ತಕ ನೋಡಿದರು.

"ತಪ್ಪೇ ಕಣೇ ಪುಟ್ಟಿ. ಹಿಡಿ ಉಲ್ಟಾ ಬರೆದಿದ್ದೀಯ."