ಕವುದಿಯ ಮೂಲೆ ಯಾವ ಕಾಲಮ್ಮಿಗೆ ಸೇರುತ್ತದೆ?

ಈಗಷ್ಟೇ ಇನ್ನೊಂದು ಪಿಎಚ್‌.ಡಿ. ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಓದಿದೆ. ವಿಷಯ ಉತ್ತರ ಕನ್ನಡದ ಆಫ್ರಿಕಾ ಮೂಲದ ಸಮುದಾಯವಾದ ಸಿದ್ದಿಗಳ ಮಹಿಳೆಯರ ಸ್ಥಿತಿಗತಿ, ಶೀರ್ಷಿಕೆಯ ಕೊನೆಗೆ ಅದೇ ‘ಒಂದು ಅಧ್ಯಯನ’. 200 ಮಾಹಿತಿದಾರರು, 60 ಪ್ರಶ್ನೆ, 15 ದಿನದ ಕ್ಷೇತ್ರಕಾರ್ಯ. ಅಂದರೆ ದಿನಕ್ಕೆ 13 ಹೆಂಗಸರು! ಯಲ್ಲಾಪುರ, ಹಳಿಯಾಳದ ಕಾಡಂಚಿನ ಕೇರಿಗಳ ದಾರಿ ಬಲ್ಲವರು ಹೇಳಿ, ಇಷ್ಟು ದಿನದಲ್ಲಿ ಫಾರಂ ತುಂಬಿಸಬಹುದು, ಯಾರನ್ನಾದರೂ ಮಾತಾಡಿಸಲು ಆಗುತ್ತದೆಯೇ?

‘ಉದ್ಯೋಗ’ ಅನ್ನುವ ಕಾಲಂ ನೋಡಿ. ಏನು ಕೆಲಸ ಅಂತ ಕೇಳಿದರೆ ‘ಏನಿಲ್ಲ, ಮನೇಲೇ’ ಅನ್ನುತ್ತಾರೆ, ‘ಗೃಹಿಣಿ’ಗೆ ಟಿಕ್ ಬೀಳುತ್ತದೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಅಂತ ಕೇಳಿ. ಸೌದೆ, ನೀರು, ಅಡಿಕೆ ತೋಟದ ಕೂಲಿ ಎಲ್ಲ ಒಂದೊಂದಾಗಿ ಹೊರಗೆ ಬರುತ್ತದೆ. ಇನ್ನು ಭಾಷೆ. ಮನೆಮಾತು ಹೆಚ್ಚಿನ ಕಡೆ ಕನ್ನಡ-ಮರಾಠಿ ಎರಡೂ ಬೆರೆತ ಕೊಂಕಣಿ, ಮುಸ್ಲಿಂ ಸಿದ್ದಿಗಳಲ್ಲಿ ಉರ್ದು. ಪ್ರಶ್ನಾವಳಿ ಮಾತ್ರ ಪುಸ್ತಕದ ಕನ್ನಡ. ನಡುವೆ ದುಭಾಷಿಯಾಗಿ ಊರಿನ ಓದಿದ ಹುಡುಗ. ಗಂಡ ಹೊಡೆಯುತ್ತಾನಾ ಅನ್ನುವ ಪ್ರಶ್ನೆ ಅವನ ಬಾಯಿಂದ ಬಂದರೆ ಉತ್ತರ ‘ಇಲ್ಲ’ ಅಂತಲೇ. ಆ ‘ಇಲ್ಲ’ ಮುಂದೆ ಕೋಷ್ಟಕದಲ್ಲಿ ಶೇಕಡಾವಾರು ಆಗಿ ಕೂರುತ್ತದೆ. ನನಗೆ ಸಂಕಟವಾಗುವುದು ಇಲ್ಲಿಯೇ.

ಅದೇ ಹೆಂಗಸು ಕವುದಿ ಹೊಲಿಯುವಾಗ ಪಕ್ಕದಲ್ಲಿ ಕುಳಿತರೆ? ಹಳೇ ಸೀರೆಯನ್ನು ತಳಕ್ಕೆ ಹಾಸಿ, ಅಂಚಿನಿಂದ ಶುರುಮಾಡಿ, ತುಂಡು ಬಟ್ಟೆ ಸೇರಿಸುತ್ತಾ ಸುತ್ತು ಸುತ್ತಾಗಿ ನಡುವಿಗೆ ಹೊಲಿದುಕೊಂಡು ಬರುತ್ತಾಳೆ. ಕೊನೆಗೆ ಮೂಲೆಗಳಲ್ಲಿ ತ್ರಿಕೋನವಾಗಿ ಮಡಿಸಿದ ತುಂಡುಗಳು, ಅದು ಫುಲಾ. ಫುಲಾ ಇಲ್ಲದ ಕವುದಿ ಬತ್ತಲೆ ಅನ್ನುತ್ತಾರೆ. ಕ್ರೈಸ್ತ ಸಿದ್ದಿಗಳ ಕವುದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣಬಹುದು. ಹಿಂದೂ ಸಿದ್ದಿಗಳೂ ಸೇರಿ ಫುಲಾ ಮಾತ್ರ ಎಲ್ಲರಿಗೂ ಬೇಕು. ‘ಧರ್ಮ’ ಅನ್ನುವ ಕಾಲಮ್ಮಿನಲ್ಲಿ ಈ ಸಂಗತಿಗೆ ಜಾಗವೇ ಇಲ್ಲ.

ಅಂಕಿ-ಅಂಶ ಬೇಡವೇ ಅಂತ ಕೇಳುವವರಿದ್ದಾರೆ. ಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಅಂಥ ಹಕ್ಕುಗಳಿಗೆ ಲೆಕ್ಕವೂ ಬೇಕಾಗುತ್ತದೆ. ಆದರೆ ಎಣಿಸಲು ಜನಗಣತಿ ಇದೆ. ಸಮಯ ಸಾಲದು ಅನ್ನುವ ಮಾತನ್ನಂತೂ ಒಪ್ಪಲಾರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅದರಲ್ಲಿ ಕ್ಷೇತ್ರಕ್ಕೆ 15 ದಿನವೇ? 200 ಬಿಡಿ, 12 ಹೆಂಗಸರು ಸಾಕು. ಪ್ರತಿಯೊಬ್ಬರ ಬಳಿಗೂ ನಾಲ್ಕೈದು ಸಲ ಹೋಗಿ, ಒಂದು ಸಲವಾದರೂ ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ. ಕೇಳಿಯೇ ರೆಕಾರ್ಡ್ ಮಾಡಿ. ಒಂದು ಗಂಟೆಯ ಮಾತು ಬರೆದಿಳಿಸಲು ಐದಾರು ಗಂಟೆ ಹಿಡಿಯುತ್ತದೆ, ಇದನ್ನು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ. ಅವರ ಮಾತನ್ನು ತಿದ್ದಿ ಶಿಷ್ಟ ಕನ್ನಡ ಮಾಡಬೇಡಿ. ಆಗ ಪಕ್ಕದಲ್ಲಿ ಅತ್ತೆ ಇದ್ದರೋ ಮೈದುನ ಇದ್ದನೋ ಅದನ್ನೂ ಬರೆದಿಡಿ. ಅದು ಗೊತ್ತಿಲ್ಲದೆ ಮೌನದ ಅರ್ಥ ತಿಳಿಯುವುದಿಲ್ಲ.

1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೂ ಮಹಿಳಾ ಅಧ್ಯಯನಕ್ಕೂ ವಿಭಾಗಗಳಿವೆ, ಪ್ರಬಂಧ ಕನ್ನಡದಲ್ಲೇ ಬರೆಯಬಹುದು. ಇದು ಸಣ್ಣ ಸವಲತ್ತಲ್ಲ ಮಕ್ಕಳೇ. ಬರೆದ ಅಧ್ಯಾಯವನ್ನು ಹಿಡಿದುಕೊಂಡು ಅದೇ ಅಂಗಳಕ್ಕೆ ಹೋಗಿ ಓದಿ ಹೇಳಬಹುದು. ಸಲ್ಲಿಸುವ ಮುಂಚೆ ಓದಿ ಹೇಳಿ. ‘ಹಾಗಲ್ಲ’ ಅಂದ ಕಡೆ ತಿದ್ದಿಕೊಳ್ಳಿ. ತನ್ನ ಹೆಸರು ಹಾಕಬೇಕೋ ಬೇಡವೋ, ಅವಳೇ ಹೇಳಲಿ.