ಒಂದ್ ರೌಂಡ್ ಹೊಡ್ಕಂಬರ್ತೀನಿ, ಕೊಡಣ್ಣ

ಬಳ್ಳಾರಿಯಲ್ಲಿ ರಿಕಂಬೆಂಟ್ ಸೈಕಲ್, ಅಂದರೆ ಒರಗಿ ಕುಳಿತು ಕಾಲು ಮುಂದೆ ಚಾಚಿ ತುಳಿಯುವ ಸೈಕಲ್, ನಿಲ್ಲಿಸಿ ನೆಮ್ಮದಿಯಾಗಿ ಒಗ್ಗರಣೆ-ಮಿರ್ಚಿ ತಿಂದವರಿಲ್ಲ. ಮೊದಲ ಮಿರ್ಚಿ ಮುರಿಯುವಷ್ಟರಲ್ಲಿ ಯಾರೋ ಬಂದು ಸೀಟು ಒತ್ತಿ ನೋಡುತ್ತಾರೆ. "ಇದ್ರಾಗ ಮಕ್ಕಂಡು ಹೋಗದಾ? ಆರಾಮ್ ಬಿಡಣ್ಣ ನಿಂದು." ಎರಡನೆಯ ಮಿರ್ಚಿಗೆ ಅಸಲಿ ಮಾತು ಹೊರಬೀಳುತ್ತದೆ. "ಒಂದ್ ರೌಂಡ್ ಹೊಡ್ಕಂಬರ್ತೀನಿ, ಕೊಡಣ್ಣ."

ಸೈಕಲ್ ಕೊಡಲು ತಕರಾರಿಲ್ಲ, ತಕರಾರೆಲ್ಲ ಸೀಟಿನದು. ಈ ಸೈಕಲ್ಲಿನ ಆರಾಮ ಅಂಗಡಿಯಿಂದ ಜೊತೆಗೆ ಬರುವಂಥದ್ದಲ್ಲ. ಸೊಂಟ, ಬೆನ್ನು ಎರಡನ್ನೂ ಸೀಟಿಗೆ ಪೂರ್ತಿ ಒತ್ತಿ ಕುಳಿತು, ಪೆಡಲನ್ನು ಅತಿ ದೂರದ ಜಾಗಕ್ಕೆ ತಿರುಗಿಸಿ, ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ, ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿಯೇ ಇರುತ್ತದೆ. ದೂರ ಕಡಿಮೆಯಾದರೆ ಮೊಣಕಾಲ ಚಿಪ್ಪಿನ ಮುಂದೆ ನೋವು, ಹೆಚ್ಚಾದರೆ ಹಿಂದೆ ನೋವು. ಸಾದಾ ಸೈಕಲ್ಲಾದರೆ ಎದ್ದು ನಿಂತು, ಆಚೀಚೆ ಸರಿದು ಹೇಗೋ ಸಂಭಾಳಿಸಬಹುದು. ಇಲ್ಲಿ ಆ ಆಟ ನಡೆಯದು. ಅರ್ಧ ಇಂಚು ತಪ್ಪಿದರೂ ಹೊಸಪೇಟೆ ಮುಟ್ಟುವುದರೊಳಗೆ ಮೊಣಕಾಲು ಲೆಕ್ಕ ಕೇಳುತ್ತದೆ.

ರೌಂಡ್ ಹೊಡೆಯುವವರಿಗೆ ಇದೆಲ್ಲ ಯಾತಕ್ಕೆ? ಕುಳಿತರೆ ಕಾಲು ಪೆಡಲಿಗೆ ಎಟುಕುವುದಿಲ್ಲ. ಕೈ ಸೀದಾ ಸೀಟಿನ ಕ್ವಿಕ್ ರಿಲೀಸಿಗೆ, ಅಂದರೆ ಸೀಟನ್ನು ಕೈಯಲ್ಲೇ ಸಡಿಲಿಸುವ ಹಿಡಿಗೆ, ಹೋಗುತ್ತದೆ. ಅದೆಲ್ಲಿದೆ ಎಂದು ಇವರಿಗೆ ಯಾರು ಹೇಳಿಕೊಡುತ್ತಾರೋ. ಸೀಟು ನಾಲ್ಕು ಬೆರಳು ಮುಂದೆ ಬರುತ್ತದೆ. ಆಮೇಲಾದರೂ ಒರಗಬೇಕಲ್ಲ? ಇಲ್ಲ. ಬ್ರೇಕ್ ಹಾಕಿದ ಬಸ್ಸಿನಲ್ಲಿ ಮುಂದಿನ ಸೀಟಿನ ಸರಳು ಹಿಡಿದವರ ಹಾಗೆ ಹ್ಯಾಂಡಲ್ ಬಿಗಿಹಿಡಿದು ಮುಂದಕ್ಕೆ ಬಾಗುತ್ತಾರೆ. ಬೆನ್ನು ಎದ್ದ ಕೂಡಲೇ ಭಾರವೆಲ್ಲ ತೋಳಿಗೆ, ತೋಳಿನ ಬಿಗುವು ಹ್ಯಾಂಡಲಿಗೆ. ಸಣ್ಣ ಗೇರಿನಲ್ಲಿ ಹೊರಡಿ ಅಂದದ್ದು ಕಿವಿಗೆ ಬಿದ್ದಿರುವುದಿಲ್ಲ. ಎರಡು ತುಳಿತ, ಒಂದು ಹೊಯ್ದಾಟ, ನಿಂತಿದ್ದ ಆಟೋದ ಹಿಂಬದಿ. ತಳ್ಳಿಕೊಂಡು ವಾಪಸ್ ಬಂದು ತೀರ್ಪು ಕೊಡುತ್ತಾರೆ: "ಬ್ಯಾಲೆನ್ಸ್ ಇಲ್ಲಣ್ಣ ಇದಕ್ಕ. ಸೀಟು ಸರಿ ಮಾಡೀನಿ, ಇನ್ನ ಆರಾಮ್ ಇರ್ತೈತಿ ನೋಡು."

ಸರಿ ಮಾಡಿದ್ದಾರಂತೆ!

ಬ್ಯಾಲೆನ್ಸ್ ಇಲ್ಲದ ಈ ಜಾತಿಯ ಸೈಕಲ್ಲಿನ ಮೇಲೆಯೇ 1933ರ ಜುಲೈನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರ ಪ್ಯಾರಿಸ್ಸಿನಲ್ಲಿ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ದಾಟಿ, 1914ರಿಂದ ನಿಂತಿದ್ದ ಒಂದು ಗಂಟೆಯ ದಾಖಲೆ ಮುರಿದ. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥವನ್ನು ಪಂದ್ಯದಿಂದ ಹೊರಗಿಟ್ಟಿತು. ಇಡದಿದ್ದರೆ ನಮ್ಮೂರಿನ ಬಾಡಿಗೆ ಸೈಕಲ್ ಅಂಗಡಿಗಳಲ್ಲೂ ಗಂಟೆಯ ಲೆಕ್ಕದಲ್ಲಿ ಒಂದೆರಡು ಸಿಗುತ್ತಿದ್ದವೇನೋ. ಹುಡುಗರು ಇದರಲ್ಲೇ ಮೊಣಕೈ ತರಚಿಕೊಂಡು ಕಲಿಯುತ್ತಿದ್ದರು. ಈಗ ಆ ಅಂಗಡಿಗಳೂ ಇಲ್ಲ.

ಇರಲಿ. ಸೀಟು ಕೂರುವ ಜಾಗಕ್ಕೆ ನೇಲ್ ಪಾಲಿಶ್‌ನಿಂದ ಗೆರೆ ಎಳೆಯಿರಿ. ಟೇಪ್ ಸುತ್ತಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ. ಕ್ವಿಕ್ ರಿಲೀಸ್ ತೆಗೆದು, ಕೀ ಇಲ್ಲದೆ ಬಿಚ್ಚಲಾಗದ ಅಲೆನ್ ಬೋಲ್ಟ್ ಹಾಕಿ, ಕೀ ಜೇಬಿನಲ್ಲಿರಲಿ. ಸೀಟಿನ ಬೆನ್ನನ್ನು ತೀರಾ ನೆಟ್ಟಗೆ ನಿಲ್ಲಿಸಿದರೆ ಭಾರವೆಲ್ಲ ಕುಂಡಿಗೆ ಬಿದ್ದು ಜೋಮು ಹಿಡಿಯುತ್ತದೆ. ತೀರಾ ಒರಗಿಸಿದರೆ ಕತ್ತು ನೋಯುತ್ತದೆ, ತಲೆಗೆ ಆನಿಕೆ ಬೇಕಾಗುತ್ತದೆ. ಕೋನ ಬದಲಿಸಿದಾಗಲೆಲ್ಲ ಪೆಡಲಿನ ದೂರವನ್ನೂ ಮತ್ತೆ ನೋಡಬೇಕು. ಪಾದ ಮರಗಟ್ಟಿದರೆ ಶೂ ಲೇಸ್ ಸಡಿಲಿಸಿ, ಪೆಡಲ್ ಮೇಲೆ ಪಾದವನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಫೋಮ್ ಸೀಟಿನಲ್ಲಿ ಬೆನ್ನು ಬೇಯುತ್ತದೆ, ಜಾಲರಿ ಸೀಟೇ ವಾಸಿ.

ಹಂಪ್ ಬಂದರೆ ಮಾತ್ರ ಎದ್ದು ತಪ್ಪಿಸಿಕೊಳ್ಳುವ ದಾರಿಯಿಲ್ಲ, ಏಟು ನೇರ ಬೆನ್ನಿಗೇ. ದೂರದಿಂದಲೇ ನಿಧಾನ ಮಾಡಬೇಕು. ಬಣ್ಣ ಬಳಿಯದ ಹಂಪ್ ಎದುರಾದರೆ ಮಾಡುವುದು ಏನೂ ಇಲ್ಲ, ನಾಲಿಗೆ ಹಲ್ಲಿನ ಒಳಗಿದ್ದರೆ ಸಾಕು.